ಮೊಟ್ಟೆ ಕೊಟ್ಟ ಕೈ, ಲೆಕ್ಕ ಕೇಳುವ ಹಕ್ಕು

ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಅಡುಗೆಯವರು ಬೆಂದ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿ ಒಂದೊಂದಾಗಿ ಸುಲಿಯುವುದನ್ನೂ, ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ಸರಿಸಿ ಕೊನೆಯ ತುತ್ತಿಗೆಂದು ಕಾದಿರಿಸುವುದನ್ನೂ ನಾನು ಕಂಡಿದ್ದೇನೆ. 2024ರಿಂದ ರಾಜ್ಯದಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆಯಿದ್ದು, ಅದರಲ್ಲಿ ನಾಲ್ಕು ದಿನಗಳ ವೆಚ್ಚವನ್ನು ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೊತ್ತಿದೆ. ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ. ಈ ಔದಾರ್ಯಕ್ಕೆ ನಾನು ಮನಸಾರೆ ಕೃತಜ್ಞ.

ಆದರೆ ಸರ್ಕಾರದ ಎರಡು ದಿನಗಳ ಮೊಟ್ಟೆಯ ಬಗ್ಗೆ ವಿಧಾನಸಭೆಯಲ್ಲಿ ಪ್ರಶ್ನೆ ಕೇಳಬಹುದು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಸರ್ಕಾರದಿಂದ ಗಣನೀಯ ನೆರವು ಪಡೆಯದ ಖಾಸಗಿ ಪ್ರತಿಷ್ಠಾನಕ್ಕೆ ನೇರವಾಗಿ ಆ ಅರ್ಜಿ ಹಾಕಲಾಗದು. ಇದು ಒಂದು ಸಂಸ್ಥೆಯ ತಪ್ಪಲ್ಲ, ನಮ್ಮ ಕಾನೂನಿನ ಕೊರತೆ. ಅಮೆರಿಕದಲ್ಲಿ 1969ರ ತೆರಿಗೆ ಸುಧಾರಣೆಯ ನಂತರ ಖಾಸಗಿ ಪ್ರತಿಷ್ಠಾನಗಳ ಮೇಲೆ ಕಟ್ಟುನಿಟ್ಟಾದ ನಿಯಮಗಳು ಬಂದವು. ಪ್ರತಿಷ್ಠಾನವೊಂದು ಯಾರಿಗೆ ಎಷ್ಟು ಅನುದಾನ ಕೊಟ್ಟಿತೆಂಬ ವಾರ್ಷಿಕ ವಿವರವನ್ನು ಅಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ತೆರಿಗೆ ವಿನಾಯಿತಿ ಪಡೆಯುವ ಇಂಥ ಸಂಸ್ಥೆಗಳು ಆದಾಯದ ಶೇ. 85ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ಬಳಸಬೇಕೆಂಬ ನಿಯಮವಿದೆ, ಲೆಕ್ಕಪರಿಶೋಧನೆಯೂ ಇದೆ, ಆದರೆ ಆ ವರದಿ ಹೋಗುವುದು ತೆರಿಗೆ ಇಲಾಖೆಗೆ. ತೆರಿಗೆ ವಿನಾಯಿತಿಯೆಂದರೆ ಸಾರ್ವಜನಿಕರು ಬಿಟ್ಟುಕೊಟ್ಟ ಹಣವೇ ತಾನೆ?

ಮೂರು ವರ್ಷಗಳ ನಂತರ ಆ ನಾಲ್ಕು ದಿನಗಳ ಮೊಟ್ಟೆ ಮುಂದುವರಿಯುವುದೇ ಎಂಬುದನ್ನು ತೀರ್ಮಾನಿಸುವಾಗ, ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತ ತಾಯಂದಿರ ಮುಂದೆ ಕನ್ನಡದಲ್ಲಿ ಬರೆದ ತಾಲ್ಲೂಕುವಾರು ಲೆಕ್ಕಪತ್ರ ಇರಬೇಕೆಂದು ನಾನು ಬಯಸುತ್ತೇನೆ.