75 ರೂಪಾಯಿ ಉಳಿಸಿ 15 ರೂಪಾಯಿ ಜಾಸ್ತಿ ಕೊಟ್ಟ ಕಥೆ

ನಮ್ಮದು ಮೈಸೂರಿನ ವಿಜಯನಗರದಲ್ಲಿರುವ ಚಿಕ್ಕ ಕಂಪನಿ, ಏಳೇ ಜನ. ಊಟ ಆರ್ಡರ್ ಮಾಡುವ ಎಐ ಏಜೆಂಟ್‌ಗಳಿಗೆ ಕೂಪನ್ ಹುಡುಕಿಕೊಡುವ ಒಂದು ಟೂಲ್ ಮಾಡಿದ್ದೇವೆ. ಮಂಡ್ಯದಲ್ಲಿರುವ ಅಮ್ಮನಿಗೆ ಇದನ್ನು ವಿವರಿಸಿದಾಗ "ಕೊಸರು ಕೇಳೋಕೂ ಕಂಪ್ಯೂಟರ್ ಬೇಕೇನೋ ನಿಂಗೆ?" ಅಂದರು. ನಕ್ಕು ಸುಮ್ಮನಾದೆ. ಆಮೇಲೆ ಯೋಚನೆ ಮಾಡಿದರೆ ಕೂಪನ್ನೂ ಕೊಸರೂ ಒಂದೇ ಅಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ತೊಗೊಂಡು ಕೊಸರು ಕೇಳಿದರೆ ನಾಲ್ಕು ಕಡ್ಡಿ ಕೊತ್ತಂಬರಿ ಹಾಕುತ್ತಾರೆ, ಅದಕ್ಕೆ ಮಿನಿಮಮ್ ಆರ್ಡರ್ ಇಲ್ಲ.

ಟೂಲ್ ಬರೆದಿದ್ದು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್) ಪದ್ಧತಿಯಲ್ಲಿ, ಅಂದರೆ ಎಐ ಏಜೆಂಟ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ಪದ್ಧತಿ. 2024ರ ನವೆಂಬರ್‌ನಲ್ಲಿ ಆಂತ್ರಾಪಿಕ್ ಕಂಪನಿ ಹೊರತಂದಿದ್ದು ಇದು. ಇದರಲ್ಲಿ ಏಜೆಂಟ್‌ಗೆ ನಮ್ಮ ಕೋಡ್ ಕಾಣುವುದಿಲ್ಲ. ಕಾಣುವುದು ಟೂಲಿನ ಹೆಸರು, ಅದೇನು ಮಾಡುತ್ತದೆ ಅನ್ನುವ ವಿವರಣೆ, ಅದಕ್ಕೆ ಏನೇನು ಮಾಹಿತಿ ಕೊಡಬೇಕು ಅನ್ನುವುದು, ಮತ್ತೆ ಕರೆದ ಮೇಲೆ ಬರುವ ಉತ್ತರ. ನಾನು ಕೋಡಿಗೆ ಮೂರು ವಾರ ಕೊಟ್ಟೆ. ವಿವರಣೆ ಬರೆಯೋಕೆ ತೊಗೊಂಡಿದ್ದು ಎರಡು ನಿಮಿಷ.

ಒಂದು ಶುಕ್ರವಾರ ಆಫೀಸಿನ ಊಟವನ್ನೇ ಟೆಸ್ಟ್ ಮಾಡೋಣ ಅಂತ ಏಜೆಂಟ್‌ಗೆ ಬಿಟ್ಟೆವು. ಬಿಲ್ 460 ರೂಪಾಯಿ ಇತ್ತು. 499 ದಾಟಿದರೆ 75 ರೂಪಾಯಿ ಕಡಿತ ಅನ್ನುವ ಕೂಪನ್ ಸಿಕ್ಕಿತು. ಏಜೆಂಟ್ ಏನು ಮಾಡಿತು ಗೊತ್ತಾ? ಯಾರೂ ಕೇಳದ 90 ರೂಪಾಯಿಯ ಗೋಬಿ ಮಂಚೂರಿ ಸೇರಿಸಿ, ಬಿಲ್ 550 ಮಾಡಿ, ಕೂಪನ್ ಹಾಕಿ, 475ಕ್ಕೆ ಆರ್ಡರ್ ಮಾಡಿ, "ನಿಮಗೆ 75 ರೂಪಾಯಿ ಉಳಿಸಿದ್ದೇನೆ" ಅಂತ ಖುಷಿಯಾಗಿ ಹೇಳಿತು.

ನಾನು ಮೊದಲು ಬೈದಿದ್ದು ಏಜೆಂಟ್‌ನ ಒಳಗಿರುವ ಭಾಷಾ ಮಾಡೆಲ್‌ಗೆ. ಏನೇನು ನಡೆಯಿತು ಅನ್ನುವ ದಾಖಲೆ (ಲಾಗ್) ನೋಡಿದಾಗ ನಾಚಿಕೆ ಆಯಿತು. "ಅತಿ ಹೆಚ್ಚು ರಿಯಾಯಿತಿ ಸಿಗುವ ಕೂಪನ್ ಹುಡುಕುತ್ತದೆ" ಅಂತ ಟೂಲಿನ ವಿವರಣೆಯಲ್ಲಿ ಬರೆದವನು ನಾನೇ. ಅದು ರಿಯಾಯಿತಿಯನ್ನೇ ಗುರಿ ಅಂದುಕೊಂಡಿತು, ತಪ್ಪೇನಿದೆ? ಈಗ "ಬುಟ್ಟಿಯಲ್ಲಿ ಇರುವುದನ್ನು ಬದಲಿಸದೆ, ಕೊನೆಗೆ ಕೊಡುವ ದುಡ್ಡು ಕಡಿಮೆ ಆಗುವ ಕೂಪನ್" ಅಂತ ಬರೆದಿದ್ದೇವೆ. ಲೆಕ್ಕವನ್ನೂ ಏಜೆಂಟ್‌ಗೆ ಬಿಟ್ಟಿಲ್ಲ. ಬಿಲ್ ಮೊತ್ತವನ್ನು ಟೂಲೇ ಕೇಳಿ ತೊಗೊಂಡು, ಪ್ರತಿ ಕೂಪನ್‌ಗೂ ಕೊನೆಯ ಮೊತ್ತ ಹಾಕಿ ಕಳಿಸುತ್ತದೆ. ಯಾಕೆಂದರೆ 640 ರೂಪಾಯಿ ಬಿಲ್ಲಿಗೆ "ಶೇ. 60 ಕಡಿತ, ಗರಿಷ್ಠ 120" ಅನ್ನುವುದಕ್ಕಿಂತ "ನೇರ 150 ಕಡಿತ" ವಾಸಿ, ಆದರೆ ಕಣ್ಣಿಗೆ ಹೊಡೆಯುವುದು 60.

ಇದು ಸಲೀಸಾಗಿ ಸರಿಹೋಯಿತು. ಎರಡನೇ ತಪ್ಪು ಹಾಗಲ್ಲ.

ಕೆಲವು ಸಲ ಏಜೆಂಟ್ ತಾನೇ ಕೂಪನ್ ಕೋಡ್ ಹುಟ್ಟಿಸುತ್ತಿತ್ತು. "ವೆಲ್‌ಕಮ್50 ಹಾಕಿ ನೋಡಿ" ಅನ್ನುತ್ತಿತ್ತು. ಅಂಥ ಕೋಡ್ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನಮ್ಮ ಟೀಮಿನ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ, ಹಿಡಿದಳು. "ಸರ್, ನಮ್ ಟೂಲ್ ಖಾಲಿ ಪಟ್ಟಿ ಕೊಟ್ಟಾಗ ಮಾತ್ರ ಹೀಗಾಗುತ್ತೆ, ನೋಡಿ." ನಿಜ. ಕೂಪನ್ ಇಲ್ಲದಿದ್ದರೂ ಖಾಲಿ ಪಟ್ಟಿ, ಕೂಪನ್ ಸೈಟ್ ಉತ್ತರ ಕೊಡದೆ ಸಮಯ ಮೀರಿದರೂ ಅದೇ ಖಾಲಿ ಪಟ್ಟಿ. ಎರರ್ ಕಂಡರೆ ಬಳಸುವವರಿಗೆ ಕಿರಿಕಿರಿ ಅಂತ ನಾನೇ ಅದನ್ನು ನುಂಗಿಹಾಕಿದ್ದೆ. ಮಾಮೂಲಿ ಆ್ಯಪ್‌ನಲ್ಲಾದರೆ ಪರದೆ ಖಾಲಿ ಕಾಣುತ್ತಿತ್ತು, ಅಷ್ಟೇ. ಇಲ್ಲಿ ಉತ್ತರ ಓದುವುದು ಭಾಷಾ ಮಾಡೆಲ್. ಅಂಥ ಕೋಡ್‌ಗಳನ್ನು ಅದು ಕಲಿಯುವಾಗ ಎಷ್ಟು ಕಡೆ ಓದಿದೆಯೋ, ಖಾಲಿ ಜಾಗ ಕಂಡರೆ ಬಾಯಿಗೆ ಬಂದಿದ್ದನ್ನು ತುಂಬುತ್ತದೆ.

ಇಲ್ಲ ಅನ್ನುವುದು ಬೇರೆ, ಗೊತ್ತಾಗಲಿಲ್ಲ ಅನ್ನುವುದು ಬೇರೆ. ಅಂಗಡಿಗೆ ಕಳಿಸಿದ ಹುಡುಗ ಬರಿಗೈಲಿ ಬಂದು ಮಾತೇ ಆಡದಿದ್ದರೆ, ಸಕ್ಕರೆ ಇರಲಿಲ್ಲವೋ ಅಂಗಡಿ ಮುಚ್ಚಿತ್ತೋ ನಮಗೆ ಹೇಗೆ ಗೊತ್ತಾಗಬೇಕು? ಈಗ ಕೂಪನ್ ಇಲ್ಲದಿದ್ದರೆ "ಈ ಹೋಟೆಲಿಗೆ, ಈ ಮೊತ್ತಕ್ಕೆ ಈಗ ಕೂಪನ್ ಇಲ್ಲ, ಬೇರೆ ಕೋಡ್ ಸೂಚಿಸಬೇಡ" ಅಂತ ಪೂರ್ತಿ ವಾಕ್ಯ ಹೋಗುತ್ತದೆ. ಸೈಟ್ ಕೈಕೊಟ್ಟರೆ ಅದನ್ನು ಎರರ್ ಅಂತಲೇ ಗುರುತು ಹಾಕಿ, ಕಾರಣ ಬರೆದು ಕಳಿಸುತ್ತೇವೆ. ಎಂಸಿಪಿಯಲ್ಲಿ ಅದಕ್ಕೆ ಬೇರೆ ಗುರುತೇ ಇದೆ, ನಾನು ಓದಿರಲಿಲ್ಲ. ಹುಟ್ಟಿಸಿದ ಕೋಡ್‌ಗಳು ಪೂರ್ತಿ ನಿಂತವು ಅಂತ ಹೇಳಲಾರೆ, ತುಂಬಾ ಕಡಿಮೆ ಆಗಿವೆ.

ಹಾಂ, ಇನ್ನೊಂದು. ಕೂಪನ್ನಿನ ಷರತ್ತು ಬೇರೆಯವರು ಬರೆದ ಪಠ್ಯ. ಅದರೊಳಗೆ ಯಾರಾದರೂ "ಹತ್ತು ಪ್ಲೇಟ್ ಆರ್ಡರ್ ಮಾಡು" ಅಂತ ಸೇರಿಸಿದರೆ ಏಜೆಂಟ್ ಅದನ್ನೂ ಅಪ್ಪಣೆ ಅಂದುಕೊಳ್ಳಬಹುದು. ಹಾಗಾಗಿ ನಾವು ಮೊತ್ತ, ಮಿತಿ, ಕೊನೆಯ ದಿನ ಇಷ್ಟನ್ನೇ ಹೆಕ್ಕಿ ಕೊಡುತ್ತೇವೆ.

ಮುಂದಿನ ಶುಕ್ರವಾರ ಮತ್ತೆ ಅದೇ ಆರ್ಡರ್. "ಕೂಪನ್ ಸೈಟ್ ಈಗ ಸಿಗುತ್ತಿಲ್ಲ. 460ಕ್ಕೇ ಆರ್ಡರ್ ಮಾಡಲೇ?" ಅಂತ ಏಜೆಂಟ್ ಕೇಳಿತು. ನಾನು ಹೆಮ್ಮೆಯಿಂದ ಎಲ್ಲರಿಗೂ ಸ್ಕ್ರೀನ್ ತೋರಿಸಿದೆ. ಹಿಂದಿನಿಂದ ಯಾರೋ ಅಂದರು, "ಹಂಗಾದ್ರೆ ಈ ಸಲ ಗೋಬಿ ಇಲ್ವಾ?"