ಬಹುಮತ ಇಲ್ಲದ ಬೋಲ್ಶೆವಿಕರು ಗೆದ್ದದ್ದು ಹೇಗೆ?

ರಷ್ಯಾದ ಕ್ರಾಂತಿಯ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. 1917ರ ನವೆಂಬರಿನಲ್ಲಿ ಲೆನಿನ್‌ನ ಬೋಲ್ಶೆವಿಕ್ ಪಕ್ಷ ಆಗಿನ ರಾಜಧಾನಿ ಪೆಟ್ರೋಗ್ರಾದ್‌ನಲ್ಲಿ ಅಧಿಕಾರ ಹಿಡಿಯಿತು. ಅದಾದ ಸ್ವಲ್ಪ ದಿನಕ್ಕೇ ನಡೆದ ಸಂವಿಧಾನ ಸಭೆಯ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು ಕಾಲು ಪಾಲು ಮತ. ರೈತರು ನಂಬಿದ್ದ ಸೋಷಿಯಲಿಸ್ಟ್ ರೆವಲ್ಯೂಷನರಿ ಪಕ್ಷ ತುಂಬಾ ಮುಂದಿತ್ತು. 1918ರ ಜನವರಿಯಲ್ಲಿ ಸಭೆ ಒಂದೇ ಸಲ ಸೇರಿತು, ಮಾರನೆಯ ದಿನ ಬಾಗಿಲಿಗೆ ಬೀಗ. ಆಮೇಲೆ ಹಳೇ ಚಕ್ರವರ್ತಿ ತ್ಸಾರನ ಕಾಲದ ಸೇನಾಪತಿಗಳು ತಿರುಗಿಬಿದ್ದರು. ಬ್ರಿಟನ್, ಫ್ರಾನ್ಸ್, ಅಮೆರಿಕ, ಜಪಾನ್ ತಮ್ಮ ಸೈನ್ಯ ಇಳಿಸಿದವು. ಇಷ್ಟಾದರೂ ಮೂರು ವರ್ಷದ ಕೊನೆಗೆ ಉಳಿದವರು ಬೋಲ್ಶೆವಿಕರೇ. ಹೇಗೆ?

"ಯುದ್ಧ ಮಂತ್ರಿ ಟ್ರಾಟ್ಸ್ಕಿಯ ತಲೆ ಅಲ್ವಾ?" ಅನ್ನುತ್ತಾರೆ ಕೆಲವರು. "ಹೆದರಿಸಿ ಗೆದ್ದರು ಬಿಡಿ" ಅನ್ನುತ್ತಾರೆ ಇನ್ನು ಕೆಲವರು. ಎರಡರಲ್ಲೂ ನಿಜ ಇದೆ. ನಾನು ಮಾತ್ರ ಮೊದಲು ಅವರ ಮುಂದೆ ಭೂಪಟ ಹರವುತ್ತೇನೆ.

1918ರ ಮಾರ್ಚ್‌ನಲ್ಲಿ ರಾಜಧಾನಿಯನ್ನು ಮಾಸ್ಕೋಗೆ ಸಾಗಿಸಿದರು. ದೇಶದ ಮುಖ್ಯ ರೈಲು ಹಳಿಗಳೆಲ್ಲ ಅಲ್ಲಿಂದಲೇ ಹೊರಡುತ್ತಿದ್ದವು. ಜನ ಜಾಸ್ತಿ ಇದ್ದ ಸೀಮೆ, ತೂಲಾದ ಬಂದೂಕು ಕಾರ್ಖಾನೆ, ಹಳೇ ಸೈನ್ಯದ ಉಗ್ರಾಣಗಳು ಎಲ್ಲವೂ ಆ ನಡುಭಾಗದಲ್ಲೇ ಇದ್ದವು. ಎದುರಾಳಿಗಳಾದ ಶ್ವೇತ ಸೇನೆಗಳು ಅಂಚಿನಲ್ಲಿದ್ದವು. ಅವುಗಳ ನಾಯಕರಲ್ಲಿ ಕೊಲ್ಚಾಕ್ ಸೈಬೀರಿಯಾದ ಓಮ್ಸ್ಕ್‌ನಲ್ಲಿ, ದೆನಿಕಿನ್ ದಕ್ಷಿಣದಲ್ಲಿ, ಯುದೆನಿಚ್ ಎಸ್ಟೋನಿಯಾ ಕಡೆ. ಒಬ್ಬರಿಗೊಬ್ಬರು ಕೈ ಜೋಡಿಸಲು ಆಗಲೇ ಇಲ್ಲ. ಕೊಲ್ಚಾಕ್ 1919ರ ವಸಂತದಲ್ಲಿ ಮುನ್ನುಗ್ಗಿದ. ದೆನಿಕಿನ್ ಅಕ್ಟೋಬರಿನಲ್ಲಿ ಮಾಸ್ಕೋದಿಂದ 400 ಕಿಲೋಮೀಟರ್ ಕೂಡ ದೂರವಿಲ್ಲದ ಓರ್ಯೋಲ್ ಹಿಡಿಯುವ ಹೊತ್ತಿಗೆ ಕೊಲ್ಚಾಕ್ ಸೋತು ಹಿಂದೆ ಸರಿಯುತ್ತಿದ್ದ. ಬೋಲ್ಶೆವಿಕರ ಕೆಂಪು ಸೇನೆ ಒಂದು ದಿಕ್ಕಿನ ಕೆಲಸ ಮುಗಿಸಿ, ರೈಲು ಹತ್ತಿ ಇನ್ನೊಂದು ದಿಕ್ಕಿಗೆ ಹೋಗಬಹುದಿತ್ತು.

ಟ್ರಾಟ್ಸ್ಕಿಯ ಕಥೆಯೂ ರೈಲಿನದೇ. 1918ರ ಆಗಸ್ಟ್‌ನಲ್ಲಿ ವೋಲ್ಗಾ ದಂಡೆಯ ಕಜಾನ್ ಕೈತಪ್ಪಿತು. ಯುದ್ಧ ಮಂತ್ರಿಯಾಗಿದ್ದ ಆತ ತನ್ನ ರೈಲನ್ನು ಹತ್ತಿರದ ಸ್ವಿಯಾಜ್ಸ್ಕ್‌ಗೆ ತಂದು ನಿಲ್ಲಿಸಿದ. ಮುಂದೆ ಯುದ್ಧ ಮುಗಿಯುವವರೆಗೂ ಅದೇ ಅವನ ಕಚೇರಿ. ಅದರಲ್ಲಿ ಅಚ್ಚುಕೂಟ, ತಂತಿ ಕಚೇರಿ, ರೇಡಿಯೋ, ಪುಸ್ತಕ ಭಂಡಾರ, ಮೋಟಾರು ನಿಲ್ಲಿಸುವ ಡಬ್ಬಿ, ಸ್ನಾನದ ಮನೆ ಎಲ್ಲ ಇದ್ದವು. ಎಳೆಯಲು ಎರಡು ಎಂಜಿನ್ ಬೇಕಿತ್ತು. ರೈಲಿನೊಳಗೇ ಪತ್ರಿಕೆ ಅಚ್ಚಾಗುತ್ತಿತ್ತು. ಬೂಟು, ಚರ್ಮದ ಜಾಕೆಟ್, ಔಷಧ, ದುರ್ಬೀನು, ಉಡುಗೊರೆಗೆ ಕೈಗಡಿಯಾರಗಳು ಜೊತೆಗಿರುತ್ತಿದ್ದವು. ಬರಿಗಾಲಿನಲ್ಲಿ ನಿಂತ ಸೈನಿಕನಿಗೆ ಭಾಷಣಕ್ಕಿಂತ ಬೂಟು ಮುಖ್ಯ ಅಂತ ಆತನಿಗೆ ಗೊತ್ತಿತ್ತು. ಅದೇ ಸ್ವಿಯಾಜ್ಸ್ಕ್‌ನಲ್ಲಿ, ಯುದ್ಧ ಬಿಟ್ಟು ಓಡಿದ ಒಂದು ರೆಜಿಮೆಂಟಿನ ಕಮಾಂಡರ್, ಪಕ್ಷದ ಪರವಾಗಿ ಕಣ್ಣಿಡುವ ಕಮಿಸಾರ್ ಇಬ್ಬರನ್ನೂ, ಜೊತೆಗೆ ಕೆಲವು ಸೈನಿಕರನ್ನೂ ಗುಂಡಿಟ್ಟು ಕೊಲ್ಲಿಸಿದ. ಸೆಪ್ಟೆಂಬರಿನಲ್ಲಿ ಕಜಾನ್ ವಾಪಸ್ಸು ಬಂತು.

ಸೈನ್ಯ ನಡೆಸಲು ಗೊತ್ತಿದ್ದವರು ಯಾರು? ತ್ಸಾರನ ಅಧಿಕಾರಿಗಳೇ. ಅವರಲ್ಲಿ ಹತ್ತಾರು ಸಾವಿರ ಜನರನ್ನು ಕೆಂಪು ಸೇನೆಗೆ ಸೇರಿಸಿಕೊಂಡರು. ಪ್ರತಿಯೊಬ್ಬನ ಪಕ್ಕದಲ್ಲೂ ಪಕ್ಷದ ಕಮಿಸಾರ್. ಅಧಿಕಾರಿ ಆ ಕಡೆ ಹಾರಿದರೆ ಹೆಂಡತಿ ಮಕ್ಕಳನ್ನು ಹಿಡಿದು ಹಾಕಿ ಅಂತ ಆದೇಶವಿತ್ತು. ಪಕ್ಷದೊಳಗೇ ಎಷ್ಟೋ ಜನರಿಗೆ ಇದು ಇಷ್ಟವಿರಲಿಲ್ಲ. ಆದರೆ 1919ರ ಜುಲೈಯಿಂದ ಇಡೀ ಕೆಂಪು ಸೇನೆಯ ಮುಖ್ಯಸ್ಥನಾಗಿದ್ದ ಸೆರ್ಗೇಯ್ ಕಾಮೆನೆವ್ ತ್ಸಾರನ ಸೈನ್ಯದಲ್ಲಿ ಕರ್ನಲ್ ಆಗಿದ್ದವನು.

ಇನ್ನು ರೈತರು. ನನ್ನ ಮಟ್ಟಿಗೆ ಈ ಯುದ್ಧ ತೀರ್ಮಾನವಾಗಿದ್ದು ಹಳ್ಳಿಗಳಲ್ಲಿ. ಅಧಿಕಾರ ಹಿಡಿದ ಮಾರನೆಯ ದಿನವೇ ಲೆನಿನ್ ಜಮೀನ್ದಾರರ ಭೂ ಒಡೆತನ ರದ್ದು ಮಾಡಿದ. ರೈತರು ಆಗಲೇ ಅದನ್ನು ಹಂಚಿಕೊಳ್ಳಲು ಶುರುಮಾಡಿದ್ದರು, ಸರ್ಕಾರ ಹೂಂ ಅಂದಿತು, ಅಷ್ಟೇ. ಅದೇ ಸರ್ಕಾರ ಆಮೇಲೆ ಬಂದೂಕು ಹಿಡಿದವರನ್ನು ಹಳ್ಳಿಗೆ ಕಳಿಸಿ ಕಾಳು ಕಿತ್ತುಕೊಂಡಿತು. 1919ರ ಜನವರಿಯಿಂದ ಪ್ರತಿ ಪ್ರಾಂತಕ್ಕೂ ಇಷ್ಟು ಧಾನ್ಯ ಕೊಡಲೇಬೇಕು ಅಂತ ಗೊತ್ತುಮಾಡಿದರು. ಪಟ್ಟಣದ ಪಾಡೂ ಬೇರೆಯಲ್ಲ. ಪಡಿತರ ವರ್ಗದ ಪ್ರಕಾರ ಸಿಗುತ್ತಿತ್ತು: ಮೈಮುರಿದು ದುಡಿಯುವ ಕಾರ್ಮಿಕನಿಗೆ ಜಾಸ್ತಿ, ಹಳೇ ಶ್ರೀಮಂತನಿಗೆ ಎಲ್ಲರಿಗಿಂತ ಕಮ್ಮಿ. ಅದನ್ನೇ ನಂಬಿದರೆ ಹೊಟ್ಟೆ ತುಂಬುತ್ತಿರಲಿಲ್ಲ. ಜನ ಬಟ್ಟೆ, ಪಾತ್ರೆ ಹೊತ್ತು ಹಳ್ಳಿಗೆ ಹೋಗಿ, ಹಿಟ್ಟಿನ ಚೀಲ ಹೊತ್ತು ರೈಲಿನಲ್ಲಿ ಕದ್ದು ವಾಪಸ್ಸು ಬರುತ್ತಿದ್ದರು. 20 ಲಕ್ಷ ದಾಟಿದ್ದ ಪೆಟ್ರೋಗ್ರಾದ್‌ನ ಜನಸಂಖ್ಯೆ 1920ಕ್ಕೆ ಸುಮಾರು 7 ಲಕ್ಷಕ್ಕೆ ಇಳಿಯಿತು.

ಇಷ್ಟು ಕಷ್ಟ ಕೊಟ್ಟವರನ್ನು ರೈತರು ಯಾಕೆ ಸಹಿಸಿದರು? ದೆನಿಕಿನ್ ಸೈನ್ಯದ ಹಿಂದೆಯೇ ಹಳೇ ಜಮೀನ್ದಾರರೂ ಬರುತ್ತಿದ್ದರು. ಕೆಂಪು ಸೇನೆಯಿಂದ ಲಕ್ಷಗಟ್ಟಲೆ ರೈತ ಹುಡುಗರು ತಪ್ಪಿಸಿಕೊಂಡು ಊರು ಸೇರಿದ್ದರು. ಶ್ವೇತರು ಹತ್ತಿರ ಬಂದಂತೆಲ್ಲ, ಕ್ಷಮಾದಾನವೂ ಸಿಕ್ಕಾಗ, ಅವರಲ್ಲಿ ದೊಡ್ಡ ಪಾಲು ಮತ್ತೆ ಸೈನ್ಯಕ್ಕೆ ಬಂತು. ಪಕ್ಷದ ಮೇಲಿನ ಪ್ರೀತಿಗೆ ಅಂತೂ ಅಲ್ಲ.

ಶ್ವೇತರು ಬೇರೆ ಜನಾಂಗಗಳನ್ನೂ ದೂರ ಮಾಡಿಕೊಂಡರು. ಅಖಂಡ ರಷ್ಯಾ ಅನ್ನುವುದೇ ಅವರ ಹಟ. ಫಿನ್ಲೆಂಡಿನ ಸ್ವಾತಂತ್ರ್ಯ ಒಪ್ಪಿ ಅಲ್ಲಿನ ಸೈನ್ಯದ ಸಹಾಯ ಪಡೆಯಬಹುದಿತ್ತು, ಕೊಲ್ಚಾಕ್ ಒಪ್ಪಲಿಲ್ಲ. ಹೊರದೇಶದ ಸೈನ್ಯಗಳ ಬಗ್ಗೆ ಹೇಳುವುದು ಜಾಸ್ತಿಯಿಲ್ಲ. ಸರಕು ಕೊಟ್ಟರು, ಮನಸ್ಸಿಟ್ಟು ಹೋರಾಡಲಿಲ್ಲ. ಫ್ರೆಂಚರು 1919ರ ಏಪ್ರಿಲ್‌ನಲ್ಲೇ ಒಡೆಸ್ಸಾ ಬಿಟ್ಟು ಹೊರಟರು.

ಯುದ್ಧಕ್ಕೆ ಅಂತ ಕಟ್ಟಿದ ಯಂತ್ರವೇ ಸರ್ಕಾರವಾಗಿಬಿಟ್ಟಿತು. ಅದೇ ನನ್ನ ಉತ್ತರದ ಇನ್ನರ್ಧ. ಚೆಕಾ ಎಂಬ ರಹಸ್ಯ ಪೊಲೀಸ್ ಪಡೆ 1917ರ ಡಿಸೆಂಬರಿನಲ್ಲೇ ಹುಟ್ಟಿತ್ತು. 1918ರ ಆಗಸ್ಟ್ 30ರಂದು ಲೆನಿನ್‌ಗೆ ಗುಂಡು ಬಿತ್ತು. ಅದೇ ದಿನ ಪೆಟ್ರೋಗ್ರಾದ್‌ನ ಚೆಕಾ ಮುಖ್ಯಸ್ಥ ಉರಿತ್ಸ್ಕಿಯ ಕೊಲೆಯಾಯಿತು. ಒಂದು ವಾರದೊಳಗೆ ಕೆಂಪು ಭಯೋತ್ಪಾದನೆಗೆ ಅಧಿಕೃತ ಆದೇಶ ಬಂತು. ಮೊದಲು ಸರ್ಕಾರದಲ್ಲಿ ಪಾಲುದಾರರಾಗಿದ್ದು ಮಾರ್ಚ್‌ನಲ್ಲಿ ಹೊರಬಿದ್ದಿದ್ದ ಎಡ ಸೋಷಿಯಲಿಸ್ಟ್ ರೆವಲ್ಯೂಷನರಿಗಳು ಆ ಜುಲೈನಲ್ಲಿ ದಂಗೆಯೆದ್ದಿದ್ದರು. ಕಾರ್ಮಿಕರು, ಸೈನಿಕರು, ರೈತರು ಆರಿಸಿದ ಸೋವಿಯೆತ್ ಎಂಬ ಸಭೆಗಳು ಹೆಸರಿಗೆ ಉಳಿದವು, ತೀರ್ಮಾನ ಪಕ್ಷದ ಸಮಿತಿಗಳದ್ದು.

1920ರ ನವೆಂಬರಿನಲ್ಲಿ ದೆನಿಕಿನ್ ನಂತರ ಬಂದ ಶ್ವೇತ ಸೇನಾಪತಿ ರಾಂಗೆಲ್‌ನ ಸೈನ್ಯ ಕ್ರಿಮಿಯಾದಿಂದ ಹಡಗು ಹತ್ತಿತು. ಜಮೀನ್ದಾರ ವಾಪಸ್ಸು ಬರುವ ಭಯ ಅಲ್ಲಿಗೆ ಮುಗಿಯಿತು, ರೈತರ ಸಹನೆಯೂ ಮುಗಿಯಿತು. ತಾಂಬೋವ್ ಪ್ರಾಂತದ ರೈತರ ದಂಗೆ ದೊಡ್ಡದಾಯಿತು. 1921ರ ಮಾರ್ಚ್‌ನಲ್ಲಿ ಪೆಟ್ರೋಗ್ರಾದ್ ಪಕ್ಕದ ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರು, 1917ರಲ್ಲಿ ಬೋಲ್ಶೆವಿಕರ ಬೆನ್ನಿಗೆ ನಿಂತಿದ್ದ ನೆಲೆಯವರು, ಎದುರು ನಿಂತರು. ಗುಪ್ತ ಮತದಾನದ ಹೊಸ ಚುನಾವಣೆ, ಸಮಾಜವಾದಿ ಕೈದಿಗಳ ಬಿಡುಗಡೆ, ಎಲ್ಲರಿಗೂ ಸಮ ಪಡಿತರ ಅವರ ಬೇಡಿಕೆಗಳಲ್ಲಿ ಕೆಲವು. ಆಗ ಮಾಸ್ಕೋದಲ್ಲಿ ಪಕ್ಷದ 10ನೇ ಮಹಾಧಿವೇಶನ ನಡೆಯುತ್ತಿತ್ತು. ಅಲ್ಲಿಂದ ಸುಮಾರು 300 ಪ್ರತಿನಿಧಿಗಳು ಎದ್ದು ಯುದ್ಧಕ್ಕೆ ಹೋದರು. ಹೆಪ್ಪುಗಟ್ಟಿದ ಸಮುದ್ರದ ಮೇಲೆ, ಬಿಳಿ ನಿಲುವಂಗಿ ತೊಟ್ಟು ಸೈನಿಕರು ರಾತ್ರಿ ನಡೆದರು. ಮಾರ್ಚ್ 18ಕ್ಕೆ ಕೋಟೆ ಬಿತ್ತು.

ಅದೇ ಅಧಿವೇಶನ ರೈತರಿಂದ ಕಾಳು ಕಿತ್ತುಕೊಳ್ಳುವುದನ್ನು ನಿಲ್ಲಿಸಿ, ಗೊತ್ತಾದ ತೆರಿಗೆ ಕೊಟ್ಟು ಉಳಿದದ್ದನ್ನು ಮಾರಿಕೊಳ್ಳಿ ಅಂದಿತು. ಜೊತೆಗೇ ಪಕ್ಷದೊಳಗೆ ಯಾರೂ ಗುಂಪು ಕಟ್ಟಬಾರದು ಅಂತ ನಿಯಮ ಮಾಡಿತು. ಹಳ್ಳಿಗೆ ಸಡಿಲ ಬಿಟ್ಟಾಗ ರಾಜಕೀಯದ ಹಗ್ಗ ಬಿಗಿಯಬೇಕು ಅನ್ನುವುದು ಲೆನಿನ್ ಲೆಕ್ಕ. ಟ್ರಾಟ್ಸ್ಕಿಯೂ ಆಗ ಒಪ್ಪಿದ. 1927ರಲ್ಲಿ ಸ್ಟಾಲಿನ್ ಕಡೆಯವರು ಟ್ರಾಟ್ಸ್ಕಿಯನ್ನೇ ಪಕ್ಷದಿಂದ ಹೊರಹಾಕಿದಾಗ ಹೊರಿಸಿದ ಆರೋಪವೂ ಗುಂಪುಗಾರಿಕೆಯದೇ.