ಮೊದಲು ಯಾರು ಬರಬೇಕು?

ಮುಳಿಹುಲ್ಲಿಗೆ ಬಿದ್ದ ಬೆಂಕಿ ಇವತ್ತು ಗುಡ್ಡೆ ಇಳಿದು ನೆರೆಮನೆಯ ಸೌದೆ ಕೊಟ್ಟಗೆಯನ್ನು ಪೂರ್ತಿ ಸುಟ್ಟಿತು. ಮನೆಗೆ ಏನೂ ಆಗಲಿಲ್ಲ, ಪುಣ್ಯ.

ಮೂಲೆಯಲ್ಲಿದ್ದ ಹಳೇ ಇನ್ವರ್ಟರ್ ಬ್ಯಾಟರಿ ಮಾತ್ರ ಅರ್ಧ ಕರಗಿ, ಹೊಟ್ಟೆ ಒಡೆದು ಬಿದ್ದಿದೆ. ಬೂದಿಯಲ್ಲಿ ಏನೋ ನೀರು ಹರಿದ ಗುರುತು. ಮುಟ್ಟಲು ಎಲ್ಲರಿಗೂ ಹೆದರಿಕೆ. ವಿಲೇಜ್ ಆಫೀಸಿಗೆ ಫೋನ್ ಮಾಡಿದರೆ ಪಂಚಾಯತಿಗೆ ಹೇಳಿ ಅಂದರು. ಪಂಚಾಯತಿಯವರು, ಗೊತ್ತಲ್ವಾ, ವಿಲೇಜ್ ಆಫೀಸು ಅಂದರು.

2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಪ್ಯಾಲಿಸೇಡ್ಸ್, ಈಟನ್ ಎಂಬ ಎರಡು ಕಾಡ್ಗಿಚ್ಚಿಗೆ 16,000ಕ್ಕೂ ಜಾಸ್ತಿ ಕಟ್ಟಡಗಳು ಹೋದವು. ಅಲ್ಲಿ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯವರು ಮೊದಲು ಬಂದು ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪೇಂಟ್ ಡಬ್ಬ ಹೆಕ್ಕಿದರು. ಆಮೇಲೆ ಸೈನ್ಯದ ಇಂಜಿನಿಯರುಗಳು ಬೂದಿ, ಅವಶೇಷ ಸಾಗಿಸಿದರು. ಜಾಗಕ್ಕೆ ಬರಬಹುದು ಅಂತ ಮನೆಯವರು ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ, ಒಂದು ಫಾರ್ಮ್ ಬರೆದುಕೊಟ್ಟರೆ ಸಾಕಿತ್ತು, ಕೈಯಿಂದ ಖರ್ಚಿರಲಿಲ್ಲ. ಇನ್ಶೂರೆನ್ಸಿನಲ್ಲಿ ಆ ಕೆಲಸಕ್ಕೆಂದೇ ದುಡ್ಡಿದ್ದರೆ ಅದನ್ನು ಆಮೇಲೆ ಕೇಳುವ ಕ್ರಮವಿತ್ತು, ನ್ಯಾಯವೇ.

ನನಗೆ ಇಷ್ಟವಾದದ್ದು ಆ ಸರದಿ. ದುಡ್ಡು ನಮ್ಮಲ್ಲಿ ಅಷ್ಟಿಲ್ಲ, ಒಪ್ಪೋಣ. ಸರದಿ ಗೊತ್ತು ಮಾಡಲು ದುಡ್ಡು ಬೇಕಾ?

ಹೊಸ ಮನೆಯ ಪರ್ಮಿಟ್ಟಿಗೆ ಕಾದು ಕಾದು ಅಲ್ಲಿನವರೂ ಬೈದದ್ದುಂಟು, ಅದು ಬೇರೆ ಕಥೆ.